ವೈದ್ಯ ಹೇಳುವುದೂ ರೋಗಿ ಬಯಸುವುದೂ

‘ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ’ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಎರಡು ಮನಸ್ಸುಗಳು ಆಕಸ್ಮಿಕವಾಗಿ ಒಂದೆಡೆ ಕೂಡಿದಾಗ ನಾವು ಅದನ್ನು ಹೇಳಿ ನಗುತ್ತೇವೆ. ಆದರೆ ಆ ಗಾದೆಯ ಒಡಲಲ್ಲಿ ಇನ್ನೊಂದು ಮಾತೂ ಅಡಗಿದೆ. ಹಾಗೆ ಕೂಡುವುದು ಅಪರೂಪ. ಸಾಮಾನ್ಯವಾಗಿ ರೋಗಿ ಬಯಸುವುದು ಒಂದು, ವೈದ್ಯ ಹೇಳುವುದು ಇನ್ನೊಂದು. ನಾಲ್ಕು ದಿನದ ಜ್ವರದಲ್ಲಿ ಈ ಅಂತರದಿಂದ ಹೆಚ್ಚಿನ ಕೇಡಿಲ್ಲ. ಕಹಿಯಾದರೂ ಕಣ್ಣು ಮುಚ್ಚಿ ನುಂಗಿದರಾಯಿತು. ಬಾಳಿನುದ್ದಕ್ಕೂ ಜೊತೆಗಿರುವ ಕಾಯಿಲೆಯಲ್ಲಿ ಮಾತ್ರ ಈ ಅಂತರವೇ ಇನ್ನೊಂದು ಕಾಯಿಲೆಯಾಗುತ್ತದೆ. ಅಂಥ ಕಾಯಿಲೆಯೊಂದರ ವಿಚಾರವನ್ನು ಓದುಗರ ಮುಂದಿಡಬೇಕೆಂದು ನನಗೆ ಬಹುದಿನದಿಂದ ಅನಿಸುತ್ತಿದೆ.

ನಾನು ವೈದ್ಯನಲ್ಲ. ಆಗುಂಬೆಯ ಸೀಮೆಯವನು, ನನ್ನ ಹತ್ತಿರದ ಬಂಧುವೊಬ್ಬನ ಜೊತೆ ಹಲವು ವರ್ಷ ಆಸ್ಪತ್ರೆಗಳ ಬೆಂಚುಗಳ ಮೇಲೆ ಕುಳಿತು, ಕರೆ ಬರುವವರೆಗೆ ಕಾದು, ವೈದ್ಯರು ಹೇಳಿದ್ದನ್ನು ಕೇಳಿ, ಕೇಳಿದ್ದನ್ನು ಮನೆಯ ಹಿರಿಯರಿಗೆ ಒಪ್ಪಿಸಿದವನು. ಆ ಕಾಯಿಲೆಯ ಹೆಸರು ಅಲ್ಸರೇಟಿವ್ ಕೊಲೈಟಿಸ್. ನಮ್ಮ ಮಾತಿನಲ್ಲಿ ದೊಡ್ಡ ಕರುಳಿನ ಒಳಪೊರೆಯ ಉರಿಯೂತ ಮತ್ತು ಹುಣ್ಣು. ಅದು ಗುದದ ಬಳಿ ಆರಂಭವಾಗಿ ಕೆಲವರಲ್ಲಿ ಅಲ್ಲೇ ನಿಲ್ಲುತ್ತದೆ, ಕೆಲವರಲ್ಲಿ ಎಡಗಡೆಯ ಕರುಳಿನವರೆಗೆ ಏರುತ್ತದೆ, ಇನ್ನು ಕೆಲವರಲ್ಲಿ ಇಡೀ ದೊಡ್ಡ ಕರುಳನ್ನು ಆವರಿಸುತ್ತದೆ. ರಕ್ತ ಮತ್ತು ಲೋಳೆ ಬೆರೆತ ಭೇದಿ, ತಡೆಯಲಾರದ ಅವಸರ, ರಕ್ತಹೀನತೆ, ಸುಸ್ತು ಇದರ ಲಕ್ಷಣಗಳು. ದೇಹದ ರಕ್ಷಣಾ ವ್ಯವಸ್ಥೆಯೇ ತನ್ನ ಕರುಳಿನ ಮೇಲೆ ತಿರುಗಿ ಬೀಳುವುದು ಇದರ ಬಗೆ. ಏಕೆ ಹಾಗಾಗುತ್ತದೆ ಎಂಬುದರ ಪೂರ್ಣ ಉತ್ತರ ವಿಜ್ಞಾನಕ್ಕೆ ಇನ್ನೂ ದೊರೆತಿಲ್ಲ. ತಿಂಗಳುಗಟ್ಟಲೆ ಅಡಗಿದ್ದು ಮತ್ತೆ ಕೆರಳುವುದು ಇದರ ಸ್ವಭಾವ.

ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ವಿಲ್ಕ್ಸ್ 1859ರಲ್ಲಿ ಈ ಹೆಸರನ್ನು ಬಳಸಿದಂದಿನಿಂದ ಬಹುಕಾಲ ಇದನ್ನು ಪಶ್ಚಿಮದ ಜನರ ಕಾಯಿಲೆ ಎಂದೇ ಎಣಿಸಲಾಗುತ್ತಿತ್ತು. ಆ ಎಣಿಕೆ ತಪ್ಪೆಂದು ಪಂಜಾಬಿನಲ್ಲಿ ನಡೆದ ಒಂದು ಸಮೀಕ್ಷೆ ತೋರಿಸಿತು. ಅಲ್ಲಿ 51,910 ಮಂದಿಯನ್ನು ವಿಚಾರಿಸಿದಾಗ 23 ಮಂದಿಯಲ್ಲಿ ಈ ರೋಗ ಕಂಡಿತು. ಎಂದರೆ ಲಕ್ಷಕ್ಕೆ ಸುಮಾರು 44. ಈ ವರದಿ ಪ್ರಕಟವಾದದ್ದು 2003ರಲ್ಲಿ. ಹಳ್ಳಿಯಲ್ಲಿ ಇಂಥ ಹೆಸರನ್ನೇ ಕೇಳಿಲ್ಲವೆನ್ನುವವರು, ಹೆಸರಿಲ್ಲದೆ ನರಳಿದವರು ಎಷ್ಟಿರಬಹುದೆಂದು ಒಮ್ಮೆ ಯೋಚಿಸಬೇಕು.

ಇಲ್ಲಿಂದ ವೈದ್ಯನ ತೀರ್ಮಾನಗಳ ಸರಣಿ ಆರಂಭವಾಗುತ್ತದೆ. ಮೊದಲನೆಯ ತೀರ್ಮಾನವೇ ಮಲೆನಾಡಿನಲ್ಲಿ ಅತ್ಯಂತ ಕಷ್ಟದ್ದು. ಇದು ಯಾವ ರೋಗ? ವರ್ಷಕ್ಕೆ ಸರಾಸರಿ 7,000 ಮಿಲಿಮೀಟರನ್ನು ಮೀರಿ ಮಳೆ ಸುರಿಯುವ ಆಗುಂಬೆಯಲ್ಲಿ, ಬಾವಿಯೂ ಹಳ್ಳವೂ ಒಂದಾಗುವ ಆಷಾಢದಲ್ಲಿ, ರಕ್ತಭೇದಿ ಹೊಸ ಸಂಗತಿಯಲ್ಲ. ನಮ್ಮ ಆಯುರ್ವೇದ ಗ್ರಂಥಗಳು ರಕ್ತಾತಿಸಾರವನ್ನೂ ಪ್ರವಾಹಿಕೆಯನ್ನೂ ವಿವರವಾಗಿ ಹೇಳಿವೆ. ನಮ್ಮ ಅಜ್ಜಿಯರು ಕೊಡಸಿಗೆಯ ತೊಗಟೆಯನ್ನೂ ದಾಳಿಂಬೆಯ ಸಿಪ್ಪೆಯನ್ನೂ ಮಜ್ಜಿಗೆಯಲ್ಲಿ ಅರೆದು ಕೊಡುತ್ತಿದ್ದರು. 1912ರಲ್ಲಿ ಲೆನರ್ಡ್ ರೋಜರ್ಸ್ ಕಲ್ಕತ್ತೆಯಲ್ಲಿ ಎಮಿಟೀನ್ ಸೂಜಿಮದ್ದಿನಿಂದ ಅಮೀಬಾ ಭೇದಿಯನ್ನು ಗುಣಪಡಿಸಿ ತೋರಿಸಿದ ಮೇಲೆ, ರಕ್ತ ಕಂಡೊಡನೆ ಅಮೀಬಾ ಎನ್ನುವುದು ಈ ದೇಶದ ವೈದ್ಯರಿಗೆ ರೂಢಿಯಾಯಿತು. ಆ ರೂಢಿ ತೀರಾ ತಪ್ಪೂ ಅಲ್ಲ. ಬಹುಪಾಲು ಸಂದರ್ಭಗಳಲ್ಲಿ ರಕ್ತಭೇದಿಗೆ ಕಾರಣ ಸೋಂಕೇ.

ಆದರೆ ಎರಡು ಕಡೆಯೂ ಅಪಾಯವಿದೆ. ಕರುಳಿನ ಉರಿಯೂತವನ್ನು ಅಮೀಬಾ ಎಂದು ಭಾವಿಸಿ ವರ್ಷಗಟ್ಟಲೆ ಮೆಟ್ರೊನಿಡಜೋಲ್ ಗುಳಿಗೆಗಳನ್ನೇ ಕೊಡುತ್ತ ಹೋದರೆ ರೋಗಿ ಬಡವಾಗುತ್ತಾನೆ, ರೋಗ ಬಲಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಅಮೀಬಾ ಇರುವ ಕರುಳಿಗೆ ಉರಿಯೂತವೆಂದು ಸ್ಟೀರಾಯ್ಡ್ ಕೊಟ್ಟರೆ ಕರುಳು ಉಬ್ಬಿ ತೂತು ಬಿದ್ದು ಪ್ರಾಣಕ್ಕೇ ಸಂಚಕಾರ ಬರಬಹುದು. ಒಂದೇ ಲಕ್ಷಣ, ಎರಡು ಕಾಯಿಲೆ. ಒಂದಕ್ಕೆ ಅಮೃತವಾದದ್ದು ಇನ್ನೊಂದಕ್ಕೆ ವಿಷ. ಕ್ಷಯರೋಗವೂ ಕರುಳಿನಲ್ಲಿ ಮನೆಮಾಡುವ ನಮ್ಮ ನಾಡಿನಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಆದ್ದರಿಂದಲೇ ಮಲಪರೀಕ್ಷೆ, ಕೊಲೊನೋಸ್ಕೊಪಿಯ ನಳಿಕೆಯಿಂದ ಕರುಳನ್ನು ಒಳಗಿಂದ ನೋಡುವುದು, ಚೂರು ಪೊರೆಯನ್ನು ತೆಗೆದು ಸೂಕ್ಷ್ಮದರ್ಶಕದ ಕೆಳಗಿಡುವುದು ಇವೆಲ್ಲ ಅಗತ್ಯವಾಗುತ್ತವೆ. ‘ಬರೀ ಭೇದಿಗೆ ಇಷ್ಟೆಲ್ಲ ಪರೀಕ್ಷೆಯೇ?’ ಎಂದು ಗೊಣಗುವ ಬಂಧುಗಳಿಗೆ ಯಾರಾದರೂ ಈ ಕಾರಣವನ್ನು ಎರಡು ಮಾತಿನಲ್ಲಿ ವಿವರಿಸಿದರೆ ಗೊಣಗುವಿಕೆ ನಿಲ್ಲುತ್ತದೆ. ವಿವರಿಸದಿದ್ದರೆ ಪರೀಕ್ಷೆ ಸುಲಿಗೆಯಂತೆ ಕಾಣುತ್ತದೆ.

ರೋಗ ಯಾವುದೆಂದು ಗೊತ್ತಾದ ಮೇಲೆ ಬರುವ ಪ್ರಶ್ನೆ: ಎಲ್ಲಿಯವರೆಗೆ ಹಬ್ಬಿದೆ, ಎಷ್ಟು ತೀವ್ರವಾಗಿದೆ? ಇದಕ್ಕೆ ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಎಂಬ ಇಬ್ಬರು ವೈದ್ಯರು 1955ರಲ್ಲಿ ಹಾಕಿಕೊಟ್ಟ ಅಳತೆ ಅಲ್ಪಸ್ವಲ್ಪ ತಿದ್ದುಪಡಿಯೊಡನೆ ಇಂದಿಗೂ ನಡೆದುಬಂದಿದೆ. ದಿನಕ್ಕೆ ಆರು ಬಾರಿ ಅಥವಾ ಹೆಚ್ಚು ರಕ್ತಭೇದಿ. ಅದರೊಡನೆ ನಾಡಿ 90ಕ್ಕಿಂತ ಮೇಲೆ, ಅಥವಾ ಜ್ವರ 37.8 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ಅಥವಾ ಹಿಮೊಗ್ಲೋಬಿನ್ 10.5 ಗ್ರಾಮಿಗಿಂತ ಕೆಳಗೆ, ಅಥವಾ ರಕ್ತಕಣಗಳು ತಂಗುವ ವೇಗ ಗಂಟೆಗೆ 30 ಮಿಲಿಮೀಟರಿಗಿಂತ ಹೆಚ್ಚು. ಹೀಗಿದ್ದರೆ ಅದು ತೀವ್ರ ಆಕ್ರಮಣ, ಮನೆಯಲ್ಲಿರತಕ್ಕದ್ದಲ್ಲ. ಗಮನಿಸಿ: ಈ ಅಳತೆಗೆ ಬೇಕಾದದ್ದು ಒಂದು ಗಡಿಯಾರ, ಒಂದು ಉಷ್ಣಮಾಪಕ, ಒಂದು ಸಣ್ಣ ರಕ್ತಪರೀಕ್ಷೆ. ತೀರ್ಥಹಳ್ಳಿಯಲ್ಲಿಯೂ ಇದು ಸಾಧ್ಯ. ಮೊದಲ ಎರಡನ್ನಂತೂ ಮನೆಯವರೇ ನೋಡಿಕೊಳ್ಳಬಹುದು, ಯಾರಾದರೂ ಕಲಿಸಿಕೊಟ್ಟರೆ.

ರೋಗ ಗುದದ ಬಳಿಯಷ್ಟೇ ಇದ್ದರೆ ಮೆಸಲಮೀನ್ ಎಂಬ ಔಷಧಿಯನ್ನು ಬತ್ತಿಯಾಗಿ ಅಲ್ಲಿಯೇ ಇಡುವುದು ನುಂಗುವ ಗುಳಿಗೆಗಿಂತ ಹೆಚ್ಚು ಫಲಕಾರಿ. ಎಡಗಡೆಯವರೆಗೆ ಏರಿದ್ದರೆ ಎನಿಮಾ ಮತ್ತು ಗುಳಿಗೆ ಎರಡೂ ಬೇಕು. ಇದು ಶಾಸ್ತ್ರದ ಮಾತು. ಲೋಕದ ಮಾತು ಬೇರೆ. ಕೂಡುಕುಟುಂಬದ ಮನೆಯಲ್ಲಿ, ಬಚ್ಚಲು ಹಿತ್ತಲಿನಾಚೆ ಇರುವಲ್ಲಿ, ಹೆಣ್ಣುಮಗಳೊಬ್ಬಳು ರಾತ್ರಿ ಎನಿಮಾ ತೆಗೆದುಕೊಂಡು ಮಲಗುವುದೆಂದರೆ ಎಷ್ಟು ಸಂಕೋಚದ ವಿಷಯವೆಂದು ಹೇಳಬೇಕಾಗಿಲ್ಲ. ಅವಳು ಔಷಧಿಯನ್ನು ಕೊಂಡು ಪೆಟ್ಟಿಗೆಯಲ್ಲಿಡುತ್ತಾಳೆ. ಮುಂದಿನ ಸಲ ವೈದ್ಯರು ಕೇಳಿದರೆ ‘ತೆಗೆದುಕೊಂಡೆ’ ಎನ್ನುತ್ತಾಳೆ. ವೈದ್ಯರು ಮದ್ದು ಹತ್ತಲಿಲ್ಲವೆಂದು ತಿಳಿದು ಇನ್ನೂ ಬಲವಾದ ಮದ್ದಿಗೆ ಏರುತ್ತಾರೆ. ತಪ್ಪು ಔಷಧಿಯದಲ್ಲ, ರೋಗಿಯದೂ ಅಲ್ಲ. ಕೇಳದೆ ಉಳಿದ ಒಂದು ಪ್ರಶ್ನೆಯದು.

ಮದ್ದುಗಳ ಕಥೆಯೂ ಸ್ವಾರಸ್ಯವಾದದ್ದು. ಸ್ವೀಡನ್ನಿನ ವೈದ್ಯೆ ನನ್ನಾ ಸ್ವಾರ್ಟ್ಜ್ ಕೀಲುವಾತಕ್ಕೆಂದು ಹುಡುಕಿಸಿದ ಸಲ್ಫಸಲಜೀನ್ ಕರುಳಿನ ಹುಣ್ಣಿಗೆ ಫಲಕಾರಿಯೆಂದು 1942ರಲ್ಲಿ ಪ್ರಕಟಪಡಿಸಿದರು. ಮೆಸಲಮೀನ್ ಅದರ ಸಂತತಿ. 1955ರಲ್ಲಿ ಮೇಲೆ ಹೇಳಿದ ಟ್ರೂಲವ್ ಮತ್ತು ವಿಟ್ಸ್ ಕಾರ್ಟಿಸೋನನ್ನು 210 ರೋಗಿಗಳಲ್ಲಿ ಪರೀಕ್ಷಿಸಿದರು. ಔಷಧಿ ಪಡೆದವರಲ್ಲಿ ನೂರಕ್ಕೆ ಸುಮಾರು 41 ಮಂದಿಯ ರೋಗ ಶಮನವಾಯಿತು. ಹುಸಿಗುಳಿಗೆ ಪಡೆದವರಲ್ಲಿ ನೂರಕ್ಕೆ 16. ಅಂದಿನಿಂದ ಸ್ಟೀರಾಯ್ಡ್ ಈ ರೋಗದ ಬೆಂಕಿ ಆರಿಸುವ ನೀರಾಯಿತು. ಆದರೆ ಬೆಂಕಿ ಆರಿದ ಮೇಲೂ ಮನೆಯೊಳಗೆ ನೀರು ಸುರಿಯುತ್ತಿದ್ದರೆ ಗೋಡೆ ಕುಸಿಯುತ್ತದೆ. ಸ್ಟೀರಾಯ್ಡ್ ರೋಗವನ್ನು ಶಮನದಲ್ಲಿ ಹಿಡಿದಿಡಲಾರದು. ದೀರ್ಘಕಾಲ ಸೇವಿಸಿದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ, ಕಣ್ಣಿಗೆ ಪೊರೆ ಬರುತ್ತದೆ, ಸೋಂಕುಗಳು ಸುಲಭವಾಗಿ ನುಗ್ಗುತ್ತವೆ. ಹಾಗಿದ್ದರೂ ನಮ್ಮ ಕಡೆ ನಡೆಯುವುದೇನು? ಮೊದಲ ವಾರದಲ್ಲೇ ಹಸಿವು ಹೆಚ್ಚಿ, ಮುಖ ತುಂಬಿ, ಭೇದಿ ನಿಂತದ್ದನ್ನು ಕಂಡು ರೋಗಿಗೆ ಆ ಗುಳಿಗೆಯ ಮೇಲೆ ಭಕ್ತಿ ಹುಟ್ಟುತ್ತದೆ. ಮುಂದೆ ಹಳೆಯ ಚೀಟಿಯನ್ನೇ ಹಿಡಿದು ಔಷಧಿ ಅಂಗಡಿಗೆ ಹೋಗುತ್ತಾನೆ. ಅದು ಅಗ್ಗ, ತ್ವರಿತ, ಪ್ರಶ್ನೆ ಕೇಳುವವರಿಲ್ಲ. ಇದನ್ನು ಕಂಡೇ ಒಳ್ಳೆಯ ವೈದ್ಯ ಸ್ಟೀರಾಯ್ಡ್ ಬರೆಯುವ ದಿನವೇ ಅದನ್ನು ಎಂದು, ಹೇಗೆ ಇಳಿಸಿ ನಿಲ್ಲಿಸುವುದೆಂಬುದನ್ನೂ ಬರೆಯುತ್ತಾನೆ.

ಸ್ಟೀರಾಯ್ಡಿನಿಂದ ಬಿಡುಗಡೆ ದೊರೆಯದವರಿಗೆ ಅಜಥಯೊಪ್ರೀನ್ ಇದೆ. ಅದು ನಿಧಾನ, ಫಲ ಕಾಣಲು ತಿಂಗಳುಗಳೇ ಬೇಕು. ಭಾರತೀಯರಲ್ಲಿ ವಿರಳವಲ್ಲದ ಒಂದು ವಂಶವಾಹಿ ಭೇದವುಳ್ಳವರಲ್ಲಿ ಅದು ಬಿಳಿಯ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು. ಆದ್ದರಿಂದ ಮತ್ತೆ ಮತ್ತೆ ರಕ್ತಪರೀಕ್ಷೆ ಆಗಬೇಕು. ಅದರ ಮೇಲೆ ಇನ್‌ಫ್ಲಿಕ್ಸಿಮ್ಯಾಬ್ ಮೊದಲಾದ ಜೈವಿಕ ಔಷಧಿಗಳು. ಅಮೆರಿಕದಲ್ಲಿ 2005ರಲ್ಲಿ ಈ ರೋಗಕ್ಕೆ ಮಂಜೂರಾದ ಇನ್‌ಫ್ಲಿಕ್ಸಿಮ್ಯಾಬನ್ನು ಮೊದಲ ಮೂರು ಸಲದ ನಂತರ ಸಾಮಾನ್ಯವಾಗಿ ಎಂಟು ವಾರಕ್ಕೊಮ್ಮೆ ನರದ ಮೂಲಕ ಆಸ್ಪತ್ರೆಯಲ್ಲಿ ಕೊಡಬೇಕು. ಅದಕ್ಕೂ ಮೊದಲು ದೇಹದಲ್ಲಿ ಕ್ಷಯ ಮಲಗಿದೆಯೇ ಎಂದು ನೋಡಬೇಕು, ಏಕೆಂದರೆ ಈ ಮದ್ದು ಅದನ್ನು ಎಬ್ಬಿಸಬಲ್ಲದು. 2018ರಲ್ಲಿ ಮಂಜೂರಾದ ಟೊಫಾಸಿಟಿನಿಬ್ ನುಂಗುವ ಗುಳಿಗೆ. ನಮ್ಮ ದೇಶದ ಕಂಪನಿಗಳೇ ತಯಾರಿಸುವುದರಿಂದ ಬೆಲೆ ಇಳಿದಿದೆ. ಆದರೆ ಸರ್ಪಸುತ್ತು, ರಕ್ತ ಹೆಪ್ಪುಗಟ್ಟುವಿಕೆ ಮೊದಲಾದ ಅಪಾಯಗಳನ್ನು ಅಲಕ್ಷಿಸುವಂತಿಲ್ಲ.

ಈ ಮದ್ದುಗಳಲ್ಲಿ ಯಾವುದು ಉತ್ತಮ ಎಂದು ಕೇಳಿದರೆ ಪುಸ್ತಕ ಒಂದು ಉತ್ತರ ಕೊಡುತ್ತದೆ. ಆಗುಂಬೆಯಲ್ಲಿರುವ ರೋಗಿಗೆ ಯಾವುದು ಉತ್ತಮ ಎಂದು ಕೇಳಿದರೆ ಪುಸ್ತಕದ ಜೊತೆಗೆ ಭೂಪಟವನ್ನೂ ತೆರೆಯಬೇಕು. ಇಲ್ಲಿಂದ ತೀರ್ಥಹಳ್ಳಿಗೆ ಸುಮಾರು 30 ಕಿಲೋಮೀಟರು. ಶಿವಮೊಗ್ಗೆಗೆ ಸುಮಾರು 90. ಪಶ್ಚಿಮಕ್ಕೆ ಘಟ್ಟವಿಳಿದು ಸೋಮೇಶ್ವರ, ಹೆಬ್ರಿ ದಾಟಿದರೆ ಮಣಿಪಾಲ, 1953ರಲ್ಲಿ ಟಿ. ಎಂ. ಎ. ಪೈ ಅವರು ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ಊರು, ಐವತ್ತೈದು ಕಿಲೋಮೀಟರಿನ ಆಸುಪಾಸು. ಬೇಸಿಗೆಯಲ್ಲಿ ಅದು ಒಂದೂವರೆ ಗಂಟೆಯ ದಾರಿ. ಮಳೆಗಾಲದಲ್ಲಿ ಮರ ಉರುಳಿ, ದರೆ ಕುಸಿದು, ಹೇರ್‌ಪಿನ್ ತಿರುವುಗಳ ಆ ರಸ್ತೆಯಲ್ಲಿ ಸಂಚಾರ ನಿಂತದ್ದುಂಟು. ಅಂಥ ಊರಿನ ರೋಗಿಗೆ ‘ಎರಡು ವಾರಕ್ಕೊಮ್ಮೆ ರಕ್ತಪರೀಕ್ಷೆ’ ಎಂಬುದು ಚೀಟಿಯ ಮೇಲಿನ ಅಕ್ಷರಗಳಲ್ಲ. ಅಡಕೆ ಕೊಯ್ಲಿನ ಎರಡು ದಿನ, ಬಸ್ಸಿನ ಖರ್ಚು, ದಾರಿಯಲ್ಲಿ ಶೌಚಾಲಯ ಎಲ್ಲಿದೆಯೆಂಬ ಚಿಂತೆ.

ಈ ಭೂಗೋಳ ಪ್ರಾಣದ ಪ್ರಶ್ನೆಯಾಗುವುದು ತೀವ್ರ ಆಕ್ರಮಣದ ಕಾಲದಲ್ಲಿ. ಸ್ಟೀರಾಯ್ಡ್ ಬರುವುದಕ್ಕೆ ಮುಂಚೆ ಇಂಥ ಆಕ್ರಮಣಕ್ಕೆ ಸಿಕ್ಕಿದವರಲ್ಲಿ ಮೂರರಲ್ಲೊಂದು ಪಾಲಿನಷ್ಟು ಜನ ಸಾಯುತ್ತಿದ್ದರು. ಇಂದು ಪರಿಣತ ಆಸ್ಪತ್ರೆಗಳಲ್ಲಿ ಸಾವು ನೂರಕ್ಕೆ ಒಂದರ ಹತ್ತಿರಕ್ಕೆ ಇಳಿದಿದೆ. ಇಳಿಸಿದ್ದು ಮದ್ದು ಮಾತ್ರವಲ್ಲ, ಸಕಾಲದ ತೀರ್ಮಾನ. ನರದ ಮೂಲಕ ಸ್ಟೀರಾಯ್ಡ್ ಆರಂಭಿಸಿದ ಮೂರನೆಯ ದಿನ ವೈದ್ಯರು ಲೆಕ್ಕ ಹಾಕುತ್ತಾರೆ. ಆ ದಿನವೂ ಎಂಟಕ್ಕಿಂತ ಹೆಚ್ಚು ಸಲ ಭೇದಿಯಾದರೆ, ಅಥವಾ ಮೂರರಿಂದ ಎಂಟರೊಳಗಿದ್ದು ರಕ್ತದಲ್ಲಿ ಉರಿಯೂತ ಸೂಚಿಸುವ ಸಿ.ಆರ್.ಪಿ. 45ನ್ನು ಮೀರಿದರೆ, ಅಂಥವರಲ್ಲಿ ನೂರಕ್ಕೆ 85 ಮಂದಿಗೆ ಅದೇ ಸಲ ಕರುಳಿನ ಶಸ್ತ್ರಚಿಕಿತ್ಸೆ ಬೇಕಾಯಿತೆಂದು ಆಕ್ಸ್‌ಫರ್ಡಿನ ವೈದ್ಯರು 1996ರಲ್ಲಿ ತೋರಿಸಿದರು. ಆದ್ದರಿಂದ ಮೂರನೆಯ ದಿನ ಸೈಕ್ಲೊಸ್ಪೊರಿನ್ ಅಥವಾ ಇನ್‌ಫ್ಲಿಕ್ಸಿಮ್ಯಾಬ್ ಕೊಡುವುದೋ, ಶಸ್ತ್ರವೈದ್ಯರನ್ನು ಕರೆಯುವುದೋ ಎಂದು ನಿಶ್ಚಯಿಸಬೇಕು. ‘ಇನ್ನೆರಡು ದಿನ ನೋಡೋಣ’ ಎಂಬ ಕನಿಕರದ ಮಾತು ಇಲ್ಲಿ ಕ್ರೌರ್ಯವಾಗಬಹುದು. ಆಸ್ಪತ್ರೆಯಲ್ಲಿ ಮೂರು ದಿನದ ಬೆಲೆ ಇಷ್ಟಾದರೆ, ಊರಿನಲ್ಲಿ ಮಳೆ ನಿಲ್ಲಲೆಂದು ಕಾದ ಮೂರು ದಿನದ ಬೆಲೆ ಎಷ್ಟು? ಮೇ ತಿಂಗಳಲ್ಲಿ ಬಂದ ರೋಗಿಯನ್ನು ‘ನಿಮ್ಮ ಊರಿಗೆ ಜುಲೈಯಲ್ಲಿ ದಾರಿ ಇರುತ್ತದೆಯೇ?’ ಎಂದು ಕೇಳುವ ವೈದ್ಯನನ್ನು ನಾನು ಬಹಳ ದೊಡ್ಡ ವೈದ್ಯನೆನ್ನುತ್ತೇನೆ.

ಶಸ್ತ್ರಚಿಕಿತ್ಸೆಯ ಮಾತು ಬಂದಾಗ ರೋಗಿಗೂ ವೈದ್ಯನಿಗೂ ನಡುವೆ ಗೋಡೆ ಏಳುವುದನ್ನು ನಾನು ಕಂಡಿದ್ದೇನೆ. ದೊಡ್ಡ ಕರುಳನ್ನು ಪೂರ್ಣವಾಗಿ ತೆಗೆದರೆ ಅದರ ಹುಣ್ಣೂ ಹೋಗುತ್ತದೆ, ಅಲ್ಲಿ ಮುಂದೆ ಅರ್ಬುದ ಹುಟ್ಟುವ ಭಯವೂ ಬಹುಮಟ್ಟಿಗೆ ಹೋಗುತ್ತದೆ. 1978ರಲ್ಲಿ ಪಾರ್ಕ್ಸ್ ಮತ್ತು ನಿಕೊಲ್ಸ್ ಸಣ್ಣ ಕರುಳಿನಿಂದಲೇ ಚೀಲವೊಂದನ್ನು ರಚಿಸಿ ಸಹಜ ಮಾರ್ಗಕ್ಕೆ ಜೋಡಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ, ಹೊಟ್ಟೆಯ ಮೇಲಿನ ಚೀಲ ಅನೇಕರಿಗೆ ಕೆಲವು ತಿಂಗಳ ಮಾತಾಗಿದೆ. ಆದರೂ ದಿನಕ್ಕೆ ಹಲವು ಸಲ ಹೋಗಬೇಕಾಗುವುದು, ಆ ಚೀಲದಲ್ಲಿ ಮತ್ತೆ ಉರಿಯೂತ ಬರಬಹುದಾದದ್ದು, ಹೆಂಗಸರಲ್ಲಿ ಗರ್ಭಧಾರಣೆಯ ಸಾಧ್ಯತೆ ಕುಗ್ಗುವುದು ಇವೂ ಸತ್ಯಗಳೇ. ನನ್ನ ಬಂಧುವಿಗೆ ಈ ಸಲಹೆ ಬಂದಾಗ ವೈದ್ಯರು ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಹೇಳಿ ಸಮ್ಮತಿಪತ್ರವನ್ನು ಮುಂದೆ ಸರಿಸಿದರು. ಮನೆಯ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ: ‘ಇವನಿಗೆ ಹೆಣ್ಣು ಕೊಡುವವರಾರು?’ ಎರಡು ಕಡೆಯವರಿಗೂ ಇನ್ನೊಬ್ಬರ ಪ್ರಶ್ನೆ ಕೇಳಿಸಲೇ ಇಲ್ಲ. ಕೊನೆಗೆ ಇನ್ನೊಂದು ಊರಿನ ವೈದ್ಯರೊಬ್ಬರು ಕಾಗದದ ಮೇಲೆ ಕರುಳಿನ ಚಿತ್ರ ಬರೆದು, ಅರ್ಧ ಗಂಟೆ ಕನ್ನಡದಲ್ಲಿ ಮಾತನಾಡಿ, ಇದೇ ಶಸ್ತ್ರಚಿಕಿತ್ಸೆಯಾಗಿ ಈಗ ತೋಟದ ಕೆಲಸ ಮಾಡಿಕೊಂಡಿರುವ ಒಬ್ಬ ರೈತನನ್ನು, ಅವನ ಒಪ್ಪಿಗೆ ಪಡೆದು, ಪರಿಚಯ ಮಾಡಿಸಿದರು. ತೀರ್ಮಾನ ಅಲ್ಲಿಂದ ಅರ್ಧ ಗಂಟೆಯಲ್ಲಿ ಆಯಿತು. ಸಲಹೆ ಮೊದಲಿನವರದೇ, ಬೇರೆಯಾದದ್ದು ಹೇಳಿದ ರೀತಿ ಮಾತ್ರ.

ಗೆಲುವನ್ನು ಅಳೆಯುವುದರಲ್ಲಿಯೂ ಎರಡು ಕಡೆಯ ಕೋಲು ಬೇರೆ ಬೇರೆ. 2015ರಲ್ಲಿಯೂ ಮತ್ತೆ 2021ರಲ್ಲಿಯೂ ಜಗತ್ತಿನ ತಜ್ಞರು ಸೇರಿ ಚಿಕಿತ್ಸೆಯ ಗುರಿಗಳನ್ನು ಗೊತ್ತುಪಡಿಸಿದರು: ರಕ್ತ ನಿಲ್ಲುವುದಷ್ಟೇ ಸಾಲದು, ಕರುಳಿನ ಒಳಪೊರೆ ಮಾಗಬೇಕು, ಜೊತೆಗೆ ರೋಗಿಯ ಬದುಕಿನ ಗುಣಮಟ್ಟ ಮರಳಬೇಕು. ವೈದ್ಯನ ಕಣ್ಣು ಎರಡನೆಯದರ ಮೇಲೆ, ರೋಗಿಯ ಕಣ್ಣು ಮೂರನೆಯದರ ಮೇಲೆ. ಭೇದಿ ನಿಂತೊಡನೆ ಗುಳಿಗೆ ಬಿಡುವ ರೋಗಿಗೆ ಪೊರೆ ಮಾಗದಿದ್ದರೆ ರೋಗ ಮತ್ತೆ ಕೆರಳುತ್ತದೆಯೆಂದು ತಿಳಿಯದು. ವ್ಯಾಪಕವಾಗಿ ಹಬ್ಬಿದ ರೋಗಕ್ಕೆ ಎಂಟು ವರ್ಷವಾದ ಮೇಲೆ ಅರ್ಬುದದ ಸುಳಿವಿಗಾಗಿ ಕಾಲಕಾಲಕ್ಕೆ ಕರುಳು ನೋಡಿಸಬೇಕೆಂದೂ ತಿಳಿಯದು. ಕ್ಯಾಲ್ಪ್ರೊಟೆಕ್ಟಿನ್ ಇಳಿಯಿತೆಂದು ಹಿಗ್ಗುವ ವೈದ್ಯನಿಗೆ, ಈತ ಇನ್ನೂ ಬಸ್ಸು ಹತ್ತಲು ಹೆದರಿ ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟಿದ್ದಾನೆಂದು ತಿಳಿಯದು.

ಇದಕ್ಕೆ ಆಕ್ಷೇಪಣೆ ಉಂಟು. ‘ನಮ್ಮ ಮುಂದೆ ದಿನಕ್ಕೆ ನೂರು ಜನ ಕಾದಿರುತ್ತಾರೆ, ಹೇಳಹೊರಟರೆ ಅವರೇ ನಿಮಗೆ ತಿಳಿದಂತೆ ಮಾಡಿ ಎಂದು ಕೈಮುಗಿಯುತ್ತಾರೆ’ ಎನ್ನುತ್ತಾರೆ ವೈದ್ಯರು. ಎರಡೂ ನಿಜ. ವೈದ್ಯನನ್ನು ನಾರಾಯಣನೆಂದು ಕರೆದು ಕರೆದು ನಾವು ಪ್ರಶ್ನೆ ಕೇಳುವುದನ್ನೇ ಮರೆತಿದ್ದೇವೆ. ಆದರೆ ‘ನಿಮಗೆ ತಿಳಿದಂತೆ ಮಾಡಿ’ ಎಂದವನು ಮನೆಗೆ ಹೋಗಿ ತನಗೆ ತಿಳಿದಂತೆ ಮಾಡುತ್ತಾನೆ. ವಿವರಿಸಲು ಉಳಿಸಿಕೊಂಡ ಹತ್ತು ನಿಮಿಷ ಮುಂದೆ ಹತ್ತು ದಿನದ ಆಸ್ಪತ್ರೆವಾಸವಾಗಿ ಹಿಂದಿರುಗುತ್ತದೆ.

ಕನ್ನಡದಲ್ಲಿ ಇದನ್ನೆಲ್ಲ ಹೇಳಲು ಬಾರದೆಂಬ ನೆಪವೂ ನಿಲ್ಲುವುದಿಲ್ಲ. ನಮ್ಮ ತೀರ್ಥಹಳ್ಳಿಯಲ್ಲೇ 1934ರಲ್ಲಿ ಹುಟ್ಟಿ ವೈದ್ಯೆಯಾದ ಅನುಪಮಾ ನಿರಂಜನ ಅವರು ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’ಗಳಲ್ಲಿ, ಹೆಂಗಸರು ಪಿಸುಮಾತಿನಲ್ಲೂ ಆಡಲಂಜುತ್ತಿದ್ದ ದೇಹದ ಸಂಗತಿಗಳನ್ನು ತಿಳಿಗನ್ನಡದಲ್ಲಿ ಮರ್ಯಾದೆಯಿಂದ ಹೇಳಿದರು. ಗರ್ಭಕೋಶದ ವಿಷಯ ಹೇಳಬಲ್ಲ ಭಾಷೆ ಕರುಳಿನ ವಿಷಯವನ್ನು ಹೇಳಲಾರದೆ?

ನಾನು ಕೇಳುವುದು ಹೆಚ್ಚಿನದೇನಲ್ಲ. ದೀರ್ಘರೋಗದ ಪ್ರತಿಯೊಬ್ಬನ ಕೈಗೂ ಕನ್ನಡದಲ್ಲಿ ಬರೆದ ಒಂದು ಹಾಳೆ ಸಿಗಲಿ. ರೋಗ ಯಾವುದು, ಎಲ್ಲಿಯವರೆಗೆ ಇದೆ. ಈ ಮದ್ದು ಏಕೆ, ಎಷ್ಟು ದಿನ. ಫಲ ಕಾಣದಿದ್ದರೆ ಮುಂದಿನ ಹೆಜ್ಜೆ ಏನು. ಯಾವ ಲಕ್ಷಣ ಕಂಡರೆ ಬೆಳಗಾಗುವುದನ್ನೂ ಕಾಯದೆ ಹೊರಡಬೇಕು. ಈ ನಾಲ್ಕು ವಿಷಯಗಳು ಅದರಲ್ಲಿದ್ದರೆ ಸಾಕು. ಸರ್ಕಾರವೂ ಒಂದು ಮಾತನ್ನು ಗಮನಿಸಬೇಕು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ಚಿಕಿತ್ಸೆಗೆ ನೆರವಾಗುತ್ತದೆ. ಆದರೆ ಈ ರೋಗ ಮನೆಯನ್ನು ಸವೆಸುವುದು ತಿಂಗಳ ತಿಂಗಳ ಗುಳಿಗೆಯಿಂದ. ಮಲಗಿದವನಿಗೆ ಕೊಡುವುದರಲ್ಲಿ ಒಂದು ಪಾಲನ್ನು ಮಲಗದಂತೆ ನೋಡಿಕೊಳ್ಳಲು ಕೊಟ್ಟರೆ ಬೊಕ್ಕಸಕ್ಕೂ ಲಾಭವೇ.

ಆ ಹಾಳೆಯ ಕೆಳಗೆ ಒಂದು ಸಾಲನ್ನು ಖಾಲಿ ಬಿಡಲಿ. ರೋಗಿ ತನಗೆ ಬೇಕಾದದ್ದನ್ನು ತಾನೇ ಬರೆಯಲಿ. ‘ಮಗಳ ಮದುವೆಗೆ ಓಡಾಡುವಂತಾಗಬೇಕು’ ಎಂದೋ, ‘ಕೊಯ್ಲಿನ ಕಾಲದಲ್ಲಿ ತೋಟದಲ್ಲಿ ನಿಲ್ಲಬೇಕು’ ಎಂದೋ. ಅದನ್ನು ಓದಿದ ಮೇಲೂ ವೈದ್ಯ ತನ್ನ ತೀರ್ಮಾನವನ್ನು ಬದಲಿಸದಿರಬಹುದು. ಆದರೆ ಓದಿದ ಮೇಲೆ ತೀರ್ಮಾನಿಸಲಿ.